ಲೋಟದ ತಳದ ಕೆಂಪು ಚುಕ್ಕೆ

ಅವರ ಹತ್ತು ಬೆರಳುಗಳ ತುದಿಯೂ ಎಳೆಗೂಸಿನ ಹಿಮ್ಮಡಿಯ ಹಾಗೆ ನುಣ್ಣಗಿತ್ತು. ಹಬೆಯಾಡುವ ಇಡ್ಲಿ ತಟ್ಟೆಗಳನ್ನು ಇಕ್ಕಳವಿಲ್ಲದೆ ಬರಿಗೈಯಲ್ಲಿ ಎತ್ತಿ ಎತ್ತಿ ಗೆರೆಗಳೆಲ್ಲ ಸವೆದುಹೋಗಿದ್ದವು. ನ್ಯಾಯಬೆಲೆ ಅಂಗಡಿಯ ಯಂತ್ರ ಆ ಹೆಬ್ಬೆಟ್ಟನ್ನು ಯಾವತ್ತೂ ಒಪ್ಪಿಕೊಳ್ಳಲಿಲ್ಲ. "ಸರ್ಕಾರ್ದೋರ ಪಾಲಿಗೆ ನಾನು ಉಟ್ಟೇ ಇಲ್ಲ ಕಣ್ಸಾ," ಎನ್ನುತ್ತಾ ಕೇಳದಿದ್ದರೂ ಇನ್ನೊಂದು ಇಡ್ಲಿ ಹಾಕುತ್ತಿದ್ದರು.

ಊರೆಲ್ಲ ಅವರನ್ನು ಹೋಟ್ಲಮ್ಮ ಎನ್ನುತ್ತಿತ್ತು. ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗುವ ದಾರಿಯಲ್ಲಿ ಒಂದು ಊರು. ಹೆಸರು ಹೇಳುವುದಿಲ್ಲ, ಹೇಳಿದರೆ ಬಾಯಿ ಮುಕ್ಕಳಿಸಬೇಕಾಗುತ್ತದೆ. ಅಲ್ಲಿನ ಪ್ರೌಢಶಾಲೆಯಲ್ಲಿ ನಾನು ಸಮಾಜ ವಿಜ್ಞಾನದ ಮೇಷ್ಟ್ರು. ಶಾಲೆಯ ಗೇಟಿನ ಎದುರಿಗೇ ಅವರ ಹೋಟೆಲು. ಬೆಳಗಿನ ಬಸ್ಸಿನಿಂದ ಇಳಿದವನು ಅಲ್ಲಿ ತಿಂಡಿ ತಿಂದೇ ಗಂಟೆ ಹೊಡೆಸುತ್ತಿದ್ದೆ.

ಅವರನ್ನು ದೇವತೆ ಮಾಡಲು ನಾನು ಕೂತಿಲ್ಲ. ಬಾಯಿ ಜೋರು, ಕೈ ಬಿಗಿ. ಎರಡನೇ ಸಲ ಸಾಂಬಾರು ಕೇಳಿದವರಿಗೆ "ಇಡ್ಲಿ ತಿಂತೀಯೋ, ಈಜ್ ಬೀಳ್ತೀಯೋ?" ಎನ್ನುತ್ತಿದ್ದರು. ಮೇಲಿನ ಬೀದಿಯ ಮೇಲ್ಜಾತಿ ಮನೆಯ ಸೊಸೆ. ಹೋಟೆಲಿನ ಹೊರಗಿನ ಕಿಟಕಿಕಟ್ಟೆಯ ಮೇಲೆ ಬೇರೆಯದೇ ಸ್ಟೀಲ್ ಲೋಟಗಳಿರುತ್ತಿದ್ದವು. ಅವುಗಳ ತಳಕ್ಕೆ ಒಂದೊಂದು ಕೆಂಪು ಚುಕ್ಕೆ. ಅವು ಕೇರಿಯವರಿಗೆ. ಅವರು ಹೊರಗೆ ನಿಂತು ಕುಡಿದು, ತಾವೇ ತೊಳೆದು, ಕಟ್ಟೆಯ ಮೇಲೆ ಬೋರಲು ಹಾಕಿ ಹೋಗಬೇಕು. ಇದು ಅಪರಾಧ, ಇದಕ್ಕೆ ಕಾನೂನಿದೆ ಎಂದು ನಾನು ಎಷ್ಟೋ ಸಲ ಜಗಳವಾಡಿದ್ದೆ. "ನಮ್ಮತ್ತೆ ಬಳುದಿದ್ದು, ನಾನೂ ಬಳುದೆ. ನೀವ್ ಬಂದು ವಾರ ಓಟ್ಲು ನಡ್ಸಿ, ಆಮೇಲ್ ಮಾತಾಡಿ," ಎಂದು ಬಾಯಿ ಮುಚ್ಚಿಸುತ್ತಿದ್ದರು.

ಒಂದು ವರ್ಷದ ಗಣರಾಜ್ಯೋತ್ಸವಕ್ಕೆ ಅಧಿಕಾರಿಗಳು ಬರುತ್ತಾರೆ, ಊರಿನವರೆಲ್ಲ ನಮ್ಮ ಶಾಲೆಯಂಗಳದಲ್ಲಿ ಒಟ್ಟಾಗಿ ಸಂವಿಧಾನದ ಪೀಠಿಕೆ ಓದಬೇಕು ಎಂದಾಯಿತು. ಚಹಾ ಹೋಟ್ಲಮ್ಮನದು. ಲೋಟ ಸಾಲದೆಂದು ಕಿಟಕಿಕಟ್ಟೆಯವನ್ನೂ ತಂದು ಜೊತೆಗಿಟ್ಟರು. ತಳದಲ್ಲಿ ಗುರುತಿದೆಯಲ್ಲ, ಹಂಚುವಾಗ ನೋಡಿಕೊಂಡರಾಯಿತು ಎಂಬ ಧೈರ್ಯ. ಆದರೆ ಸ್ವಸಹಾಯ ಸಂಘದ ಹೆಂಗಸರು ಹಿಂದಿನ ದಿನ ಹುಣಸೆಹಣ್ಣು, ಇಟ್ಟಿಗೆಪುಡಿ ಹಾಕಿ ಆ ಲೋಟಗಳನ್ನೆಲ್ಲ ತಿಕ್ಕಿದ್ದೇ ತಿಕ್ಕಿದ್ದು. ಲೋಟಗಳು ಕನ್ನಡಿಯಂತಾದವು.

ಧ್ವಜ ಏರಿತು. ಯಜಮಾನರು ಮೈಕಿನ ಮುಂದೆ ನಿಂತರು. ಊರಿನ ನ್ಯಾಯ ಪಂಚಾಯಿತಿ ಅವರದು, ನಮ್ಮ ಶಾಲಾ ಸಮಿತಿಯೂ ಅವರದೇ. ಬಲಗೈ ಮುಂದೆ ಚಾಚಿ ಅವರು ಪೀಠಿಕೆ ಓದಿಸಿದರು, ಊರು ಹಿಂದಿನಿಂದ ಹೇಳಿತು. ನ್ಯಾಯ, ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ ಒಂದೊಂದಕ್ಕೂ ಚಪ್ಪಾಳೆ ಬಿತ್ತು.

ಜನರ ನೂಕುನುಗ್ಗಲಿನಲ್ಲಿ ತಳ ನೋಡುವುದನ್ನು ಮರೆತೇ ಹೋಟ್ಲಮ್ಮ ಚಹಾ ಹಂಚುತ್ತಿದ್ದರು, ಇನ್ನೂ ಅರ್ಧವಾಗಿರಲಿಲ್ಲ. ಕೇರಿಯ ಟ್ರ್ಯಾಕ್ಟರ್ ಡ್ರೈವರ್ ಬಂದು ಎಂದಿನ ಹಾಗೆ ಕೇಳಿದ, "ನಮ್ ಲೋಟ ಯಾವುದವ್ವ?"

ಹೋಟ್ಲಮ್ಮ ಒಂದು ಲೋಟ ಬೋರಲು ಮಾಡಿ ನೋಡಿದರು. ಚುಕ್ಕೆ ಇಲ್ಲ. ಇನ್ನೊಂದು, ಮತ್ತೊಂದು. ಯಾವುದರಲ್ಲೂ ಇಲ್ಲ. ಆಮೇಲೆ ಸುತ್ತ ಚಹಾ ಹೀರುತ್ತಿದ್ದ ಮುಖಗಳನ್ನೆಲ್ಲ ಒಮ್ಮೆ ನೋಡಿ ನಗತೊಡಗಿದರು. ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು.

"ಯಾವ್ದಾರ ತಗಳಪ್ಪ. ಎಲ್ರೂ ಎಲ್ಲಾರ ಲೋಟ್ದಲ್ಲೂ ಕುಡ್ದವ್ರೆ. ಯಾರ್ಗೂ ಕೊಂಬು ಬಂದಿಲ್ಲ."

ಯಜಮಾನರ ಬಾಯಲ್ಲಿ ಗುಟುಕು ಚಹಾ ಇತ್ತು. ನುಂಗಲಿಲ್ಲ. ನಾಲ್ಕು ಹೆಜ್ಜೆ ನಡೆದು, ಧ್ವಜಸ್ತಂಭದ ಬುಡದಲ್ಲಿ ಹುಡುಗಿಯರು ಬಿಟ್ಟಿದ್ದ ಮೂರು ಬಣ್ಣದ ರಂಗೋಲಿಯ ಮೇಲೆ ಉಗಿದರು. ಗಂಟಲಿಗೆ ಬೆರಳಿಟ್ಟು ಇನ್ನಷ್ಟು ಕಕ್ಕಿದರು. ಸಮಾನತೆ ಎಂದ ಬಾಯಿ ಒಣಗುವುದಕ್ಕೂ ಮೊದಲೇ. ಸತ್ತ ಹೆಗ್ಗಣ ಕಂಡಾಗಲೂ ನನಗೆ ಅಷ್ಟು ಹೇಸಿಗೆಯಾಗಿರಲಿಲ್ಲ. ನಾನು ಬಾಯಿಬಿಟ್ಟು ಹಾಗೇ ಹೇಳಿದೆ. ಅವರು ಕರವಸ್ತ್ರದಲ್ಲಿ ಮೀಸೆ ಒರೆಸಿಕೊಂಡು, "ಓದೋದು ಮೈಕ್‌ಗೆ ಮೇಷ್ಟ್ರೇ, ಲೋಟ ಬಾಯ್ಗೆ. ಎರಡೂ ಬೇರೆಬೇರೆ," ಎಂದರು. ಅಧಿಕಾರಿಗಳು ಬೇರೆ ಕಡೆ ನೋಡಿದರು. ಅದು ಅವರಿಗೆ ಚೆನ್ನಾಗಿ ಬರುವ ವಿದ್ಯೆ.

ಸಂಜೆಯೇ ಪಂಚಾಯಿತಿ ಸೇರಿತು. ಹಳೆಯ ಲೋಟಗಳನ್ನೆಲ್ಲ ಗುಜರಿಗೆ ಹಾಕಬೇಕು, ಊರೇ ಹೊಸದು ಕೊಡಿಸುತ್ತದೆ, ಕೇರಿಯವರ ಲೋಟಕ್ಕೆ ಮತ್ತೆ ಬಣ್ಣ ಬಳಿಯಬೇಕು. ಎಷ್ಟು ಉದಾರಿಗಳು ನೋಡಿ. ಹೋಟ್ಲಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನಿಂತಿದ್ದರು.

"ಇಷ್ಟ್ ವರ್ಸ ನಮ್ಮತ್ತೆ ಮಾತ್ ಕೇಳ್ದೆ. ಇವತ್ತು ನೀವೆಲ್ಲ ಕುಡ್ದ್ರಿ. ಯಾರ್ ನಾಲ್ಗೆಗಾರ ಗೊತ್ತಾಯ್ತಾ, ಯಾವ್ದು ಯಾರ್ ಲೋಟ ಅಂತ? ಗೊತ್ತಾದೋರು ಬಂದು ಏಳಿ, ಬಳೀತೀನಿ."

ಅವರ ಹೋಟೆಲಿಗೆ ಯಾರೂ ಹೋಗಕೂಡದು, ಹೋದ ಕೇರಿಯವರಿಗೆ ಹೊಲದ ಕೆಲಸ ಇಲ್ಲ ಎಂದು ತೀರ್ಮಾನವಾಯಿತು. ಅವರ ಬದುಕೆಲ್ಲ ಆ ಒಲೆಯ ಮೇಲೇ ನಿಂತಿತ್ತು. ಗಂಡ ಇಲ್ಲ, ಮಗಳನ್ನು ಹದಿನಾರು ಎಂಬ ಹೆಸರಿನ ಊರಿಗೆ ಕೊಟ್ಟಾಗಿತ್ತು. ಅದು ಗೊತ್ತಿದ್ದೇ ಅಲ್ಲಿಗೇ ಹೊಡೆದರು.

ಮರುದಿನ ಡ್ರೈವರ್ ಬಾಗಿಲಲ್ಲಿ ನಿಂತ. "ನಾವ್ ಬಂದ್ರೆ ನಿಮ್ಗೇ ತೊಂದ್ರೆ ಕಣವ್ವ."

"ಒಳಕ್ ಬಂದು ಕೂತ್ಕಳ್ಲಾ ಸುಮ್ನೆ. ತೊಂದ್ರೆನೂ ನಂದು, ಇಡ್ಲಿನೂ ನಂದು."

ಅವನು ಬೆಂಚಿನ ತುದಿಯಲ್ಲಿ ಕೂತ. ಹೋಟ್ಲಮ್ಮ ನನ್ನ ಲೋಟ, ಅವನ ಲೋಟ ಎರಡನ್ನೂ ಒಂದೇ ಬಕೆಟ್ಟಿನಲ್ಲಿ ಅದ್ದಿ, ಬೀದಿಗೆ ಕಾಣುವ ಹಾಗೆ ತೊಳೆದರು. ಆಮೇಲೆ ದಿನವೂ ಹಾಗೆಯೇ, ಬಾಗಿಲ ಬಳಿ ಕೂತು, ಎಲ್ಲರ ಎದುರಿಗೆ. ಗಿರಾಕಿಗಳು ಇಳಿದರು. ಬಸ್ಸಿಗೆ ಕಾಯುವವರು, ನಾವು ಮೇಷ್ಟ್ರುಗಳು, ಆ ಡ್ರೈವರ್, ಇಷ್ಟೇ ಜನ. "ಲೋಟ ಮೊದ್ಲು ಎಲ್ಡ್ ಕಡೆ ತೊಳೀಬೇಕಿತ್ತು, ಈಗ ಒಂದೇ ಕಡೆ. ನಂಗೂ ಸ್ವಾತಂತ್ರ್ಯ ಬಂತು ಕಣ್ಸಾ," ಎಂದರು ಒಮ್ಮೆ. ಹೇಳುವಾಗ ನಗುತ್ತಿದ್ದರು, ಆದರೆ ಒಲೆಯ ಮೇಲೆ ಒಂದೇ ತಟ್ಟೆ ಇಡ್ಲಿ ಬೇಯುತ್ತಿತ್ತು.

ಊರು ಸುಮ್ಮನಿರಲಿಲ್ಲ. ರಸ್ತೆಯ ಆಚೆ ಹೊಸ ಟೀ ಅಂಗಡಿ ಎದ್ದಿತು. ಅಲ್ಲಿ ಎಲ್ಲರಿಗೂ ಪೇಪರ್ ಲೋಟ; ಕುಡಿದು ಬಿಸಾಡಿದರಾಯಿತು, ಮೈಲಿಗೆಯೂ ಇಲ್ಲ, ಕೇಸೂ ಇಲ್ಲ. "ನಮ್ಮೂರಲ್ಲಿ ಭೇದ ಇಲ್ಲ, ಬಂದು ನೋಡಿ," ಎಂದು ಯಜಮಾನರು ಬಂದವರಿಗೆಲ್ಲ ತೋರಿಸುತ್ತಿದ್ದರು. ಬರೀ ಚುಕ್ಕೆ ಇಟ್ಟವರನ್ನು ದಡ್ಡರೆಂದಾದರೂ ಕ್ಷಮಿಸಬಹುದಿತ್ತು. ಈ ಜಾಣತನವನ್ನು ಹೇಗೆ ಕ್ಷಮಿಸುವುದು?

ಹೋದ ಮಳೆಗಾಲದ ಒಂದು ಬೆಳಿಗ್ಗೆ ಬಸ್ಸಿಳಿದಾಗ ಒಲೆ ಹೊತ್ತಿರಲಿಲ್ಲ. ಮಲಗಿದವರು ಎದ್ದಿರಲಿಲ್ಲ.

ತಿಥಿಗೆ ಇಡೀ ಊರು ಬಂತು. ಸತ್ತವರ ಮನೆ ಊಟಕ್ಕೆ ಬಹಿಷ್ಕಾರ ಇಲ್ಲವಂತೆ. ಯಜಮಾನರು ಎದ್ದು ನಿಂತು, ಎಲ್ಲರನ್ನೂ ಒಂದೇ ಕಣ್ಣಿನಲ್ಲಿ ಕಂಡ ತಾಯಿ ಎಂದು ಗದ್ಗದಿತರಾದರು. ಪಂಕ್ತಿಯ ತುಂಬ ಪೇಪರ್ ಲೋಟಗಳು. ಅವು ಊರಿನ ಕಡೆಯಿಂದ ಬಂದವು, ಅದೊಂದು ಷರತ್ತಿನ ಮೇಲೆ ಊಟಕ್ಕೆ ಒಪ್ಪಿದರು ಎಂದು ಮಗಳು ಅಳುತ್ತಾ ಹೇಳಿದಳು. ನಾನು ಎಲೆಯ ಮುಂದಿನಿಂದ ಎದ್ದು ಒಳಗೆ ಹೋದೆ. ಹೋಟ್ಲಮ್ಮನ ಲೋಟಗಳು ಮೂಲೆಯಲ್ಲಿ ಬೋರಲಾಗಿ ಒಂದರ ಮೇಲೊಂದು ಕೂತಿದ್ದವು. ಇಪ್ಪತ್ತು ವರ್ಷ ನಾನು ಹಲಗೆಯ ಮೇಲೆ ಬರೆದು ಕಲಿಸಿದ್ದನ್ನು ಆ ಹೆಂಗಸು ಬಾಗಿಲಲ್ಲಿ ಕೂತು ಲೋಟ ತೊಳೆದು ತೋರಿಸಿದ್ದರು. ಆ ಋಣ ನನ್ನ ಮೇಲಿದೆ. ಎರಡು ಲೋಟ ತಂದು ಒಂದನ್ನು ಪಂಕ್ತಿಯ ಕೊನೆಯಲ್ಲಿ ದೂರ ಕೂತಿದ್ದ ಡ್ರೈವರಿನ ಮುಂದಿಟ್ಟೆ, ಇನ್ನೊಂದನ್ನು ಯಜಮಾನರ ಮುಂದೆ.

ಡ್ರೈವರ್ ನೀರು ಹಾಕಿಸಿಕೊಂಡು ಕುಡಿದ. ಪಂಕ್ತಿಯೆಲ್ಲ ಯಜಮಾನರನ್ನೇ ನೋಡುತ್ತಿತ್ತು. ಅವರು ನನ್ನನ್ನು ನೋಡಿದರು, ಲೋಟ ಕೈಗೆತ್ತಿಕೊಂಡರು. ಮಗಳು ನೀರು ಹಾಕಲು ಬಗ್ಗಿದಳು. ಅಷ್ಟರಲ್ಲಿ ಅವರು ಲೋಟವನ್ನು ಮೆಲ್ಲಗೆ ತಿರುಗಿಸಿ ತಳ ನೋಡಿದರು.