ಎರಡು ಸಲ ಬರುವ ಒಂಬತ್ತು

ಶಿರಾದ ಟೈರ್ ಅಂಗಡಿಯಲ್ಲಿ ದುಡಿಯುವ ನವಾಜನ ತೋಳು ದಪ್ಪವಾಗದಿದ್ದರೂ ಜಿಮ್ಮಿನ ಬೆಂಚು ಮಾತ್ರ ಅವನ ಸ್ವಂತದ್ದೆಂಬಂತಾಗಿತ್ತು. ಅದರ ಮೇಲೆ ಟವೆಲ್ ಹಾಸಿ ಫೋನ್ ನೋಡುತ್ತ ಕೂತಿದ್ದ.

"ಲೇ, ಇದೇನು ನಿಮ್ಮನೆ ಮಂಚವೇನ್ಲಾ? ಏಳೋ!" ಕಾದು ಸಾಕಾದ ರಂಗಸ್ವಾಮಿ ರೇಗಿದ.

ಜಗಳಕ್ಕೆ ಬಾಯಿ ತೆರೆದ ನವಾಜನಿಗೆ ತೀರಿಹೋದ ಅಜ್ಜ, ದಾದಾ ಇಸಾಕ್ ನೆನಪಾದರು. ಅವರ ಗರಡಿಯಲ್ಲಿ ಇದ್ದದ್ದು ಒಂದೇ ಗದೆ. ತಿರುಗಿಸಿ ಮುಗಿಸಿದವನು ಹಿಡಿಯ ಬೆವರೊರೆಸಿ, ಮುಂದಿನವನ ಕೈಗೆ ಕೊಟ್ಟು, ಅವನಿಗಾಗಿ ಗಟ್ಟಿಯಾಗಿ ಎಣಿಸಬೇಕಿತ್ತು. ದಾದಾ ಎಣಿಸಿದರೆ, ಒಂದು ಸುತ್ತು ಹೆಚ್ಚಿಗೆ ಹಾಕಿಸಲೆಂದು, ಒಂಬತ್ತು ಎರಡು ಸಲ ಬರುತ್ತಿತ್ತು.

ನವಾಜ್ ಎದ್ದು ಬೆಂಚು ಒರೆಸಿದ. ರಂಗಸ್ವಾಮಿ ಮಲಗಿ ಬಾರ್ ಎತ್ತತೊಡಗಿದಾಗ ತಲೆಯ ಬಳಿ ನಿಂತು ಎಣಿಸಿದ.

"ಎಂಟು, ಒಂಬತ್ತು, ಒಂಬತ್ತು..."

"ಒಂಬತ್ತು ಆಗೋಯ್ತಲ್ಲಾ!"

"ನಮ್ಮ ದಾದಾನ ಲೆಕ್ಕ ಕಣೋ, ಎತ್ತು."

ಹತ್ತು ಹೇಳುವ ಬದಲು ನವಾಜ್ ಟವೆಲಿನಿಂದ ಕಣ್ಣೊರೆಸಿಕೊಂಡ. ಏದುಸಿರು ಬಿಡುತ್ತ ರಂಗಸ್ವಾಮಿಯೇ ಹೇಳಿಕೊಂಡ.