ಗಣಿಯ ಗಂಟೆಯಿಂದ ಹುಟ್ಟಿದ ಹಾಡು

ಎಪ್ಪತ್ತೆಂಟರ ಕಾತ್ಯಾಯಿನಮ್ಮ ಡಬ್ಲಿನ್ನಿನ ಕ್ಯಾಸಲ್‌ನಾಕ್ ಬಡಾವಣೆಯಲ್ಲಿದ್ದ ಮಗಳ ಮನೆಗೆ ಬಂದದ್ದು ಎರಡು ತಿಂಗಳ ಮಟ್ಟಿಗೆ. ಅಷ್ಟರಲ್ಲಿ ಕೊರೊನಾ ಬಂದು ವಿಮಾನಗಳು ನಿಂತವು. ಮನೆಯಿಂದ ಎರಡು ಕಿಲೋಮೀಟರಿನಾಚೆ ಕಾಲಿಡುವಂತಿರಲಿಲ್ಲ. ಮಗಳು ಸಾವಿತ್ರಿ ಮಹಡಿಯ ಕೋಣೆಯಲ್ಲಿ ಆಫೀಸಿನ ಕೆಲಸಕ್ಕೆ ಕೂತರೆ, ಕಾತ್ಯಾಯಿನಮ್ಮನಿಗೆ ಅಡುಗೆಮನೆಯ ರೇಡಿಯೋವೇ ಗತಿ.

ಒಂದು ಮಧ್ಯಾಹ್ನ ಹುಳಿಗೆ ಒಗ್ಗರಣೆ ಹಾಕುತ್ತಿದ್ದಾಗ ರೇಡಿಯೋದಲ್ಲಿ ‘ಬೆಲ್ ಮಿ ಅಪ್’ ಬಂತು. ಈ ನಾಡಿನ ಮೊದಮೊದಲ ರಾಕ್ ಅಂಡ್ ರೋಲ್ ಹಾಡುಗಳಲ್ಲಿ ಒಂದಂತೆ. ಹಾಡಿದ ಡೆನ್ಜಿಲ್ ಈಗ ಇದೇ ಊರಿನ ಟಾಲಾ ಬಡಾವಣೆಯಲ್ಲಿರುವ ಮುದುಕ. ಡಬ್ಲಿನ್ನಿಗೆ ಬಂದ ಹೊಸದರಲ್ಲಿ ರೈಲಿನ ಸದ್ದು ಕೇಳುತ್ತಾ ತಾನೇ ಕಟ್ಟಿದ ಹಾಡದು ಎಂದು ಕಾರ್ಯಕ್ರಮದ ನಿರೂಪಕನಿಗೆ ಫೋನಿನಲ್ಲಿ ಕೊಚ್ಚಿಕೊಂಡ.

ಸಾಸಿವೆ ಸೀದುಹೋಯಿತು.

“ಕಳ್ಳ! ಹಸೀ ಸುಳ್ಳು!”

ಅದು ರೈಲಿನ ಸದ್ದಲ್ಲ. ಕೋಲಾರದ ಚಿನ್ನದ ಗಣಿಯಲ್ಲಿ ಆಕೆಯ ಅಪ್ಪ ಜಯರಾಮ, ಕಾರ್ಮಿಕರನ್ನು ಇಳಿಸಿ ಏರಿಸುವ ಪಂಜರಕ್ಕೆ ಗಂಟೆ ಹೊಡೆಯುತ್ತಿದ್ದರು. ಹದಿನಾರರ ಕಾತ್ಯಾಯಿನಿ ಆ ಗಂಟೆಯ ತಾಳವನ್ನೇ ಮಿಷನ್ ಶಾಲೆಯ ಪಿಯಾನೋದಲ್ಲಿ ನುಡಿಸಿ, ಪಾತಾಳದಲ್ಲಿರುವ ಗಂಡನನ್ನು ಮೇಲಕ್ಕೆ ಕರೆಯುವ ಹೆಂಗಸಿನ ಮಾತುಗಳನ್ನು ಜೋಡಿಸಿದ್ದಳು. ಗಣಿಯ ಕ್ಲಬ್ಬಿನಲ್ಲಿ ಗಿಟಾರ್ ಬಾರಿಸುತ್ತಿದ್ದ ಡೆನ್ಜಿಲ್ ಅದನ್ನು ಅವಳಿಂದಲೇ ಕಲಿತ, ಹಡಗು ಹತ್ತಿದ. ಮದುವೆಯಾದ ಮೇಲೆ ಒಮ್ಮೆ ಆ ಹಾಡು ಅವನ ಹೆಸರಿನಲ್ಲಿ ಕಿವಿಗೆ ಬಿದ್ದಿತ್ತು. ಅತ್ತೆಮನೆಯಲ್ಲಿ ಕ್ಲಬ್ಬಿನ ಮಾತೆತ್ತುವ ಹಾಗಿತ್ತೇ? ತುಟಿ ಹೊಲಿದುಕೊಂಡಳು.

“ಯೂ ರೋಟ್ ದಟ್, ಅಜ್ಜಿ? ಸೀರಿಯಸ್ಲಿ?” ಎಂದು, ಕೂಗಿಗೆ ಓಡಿಬಂದು ಕಥೆಯನ್ನೆಲ್ಲ ಕೇಳಿಸಿಕೊಂಡ ಮೊಮ್ಮಗಳು ಸ್ಪಂದನಾ ಕಣ್ಣರಳಿಸಿದಳು.

“ಹೂಂ ಕಣೇ. ಆ ರೇಡಿಯೋದೋರಿಗೆ ಫೋನ್ ಹಚ್ಚು.”

ಗಲಾಟೆಗೆ ಸಾವಿತ್ರಿ ಕೆಳಗಿಳಿದು ಬಂದಳು. “ಬಿಡಮ್ಮ, ಅರವತ್ತು ವರ್ಷ ಆಯ್ತು. ಈಗ್ಯಾಕೆ ರಂಪ?”

“ಅರವತ್ತು ವರ್ಷ ಬಿಟ್ಟಿದ್ದೇ ತಪ್ಪು.”

ಕಾರ್ಯಕ್ರಮ ಇನ್ನೂ ನಡೆಯುತ್ತಿತ್ತು. ನಿರೂಪಕ ಆಕೆಯನ್ನು ಪ್ರಸಾರದಲ್ಲೇ, ಇನ್ನೂ ಲೈನಿನಲ್ಲಿದ್ದ ಡೆನ್ಜಿಲ್‌ನ ಜೊತೆ ಮಾತಿಗೆ ಬಿಟ್ಟ.

“ಕಾತಿ? ನೀನಾ?” ಮುದುಕನ ಬಾಯಲ್ಲಿ ತುಕ್ಕು ಹಿಡಿದ ಕನ್ನಡ ಹೊರಟಿತು. “ಎಲ್ಲಾ ಹಳೇ ಕಥೆ ಅಲ್ವಾ? ಗ್ರ್ಯಾಂಡ್, ಗ್ರ್ಯಾಂಡ್.” ‘ಎಲ್ಲ ಸರಿ’ ಎನ್ನಲು ಇಲ್ಲಿಯವರು ಬಳಸುವ ಮಾತದು.

“ಗ್ರ್ಯಾಂಡೂ ಇಲ್ಲ, ಗಿಂಡೂ ಇಲ್ಲ. ಹಾಡು ಯಾರದು? ಇಂಗ್ಲಿಷಲ್ಲಿ ಹೇಳು, ಎಲ್ಲರಿಗೂ ಕೇಳಲಿ.”

ಅವನು ಕೆಮ್ಮಿದ. ಕೊನೆಗೆ ಇಂಗ್ಲಿಷಿನಲ್ಲಿ, ಊರಲ್ಲಿ ಯಾವುದೋ ಹುಡುಗಿ ಏನೋ ನುಡಿಸುತ್ತಿದ್ದಳು, ಅದರ ನೆನಪಿರಬಹುದು ಎಂದ.

ಯಾವುದೋ ಹುಡುಗಿ! ಕಾತ್ಯಾಯಿನಮ್ಮನ ಮೈಯೆಲ್ಲ ಉರಿದುಹೋಯಿತು. ಶಾಲೆಯಲ್ಲಿ ಕಲಿತ ಇಂಗ್ಲಿಷನ್ನೆಲ್ಲ ಒಟ್ಟುಗೂಡಿಸಿ ತನ್ನ ಹೆಸರು, ಅಪ್ಪನ ಹೆಸರು, ಗಣಿಯ ಹೆಸರು, ವರ್ಷ, ಎಲ್ಲವನ್ನೂ ಒಂದೊಂದಾಗಿ ಹೇಳಿದಳು. ಡೆನ್ಜಿಲ್ ಲೈನು ಕಟ್ ಮಾಡಿದ.

ಮುಂದಿನ ವಾರ ನಿರೂಪಕ ಹಾಡಿಗೆ ಮೊದಲು, ಇದನ್ನು ಕಟ್ಟಿದವರು ಡೆನ್ಜಿಲ್ ಮತ್ತು ಕಾತ್ಯಾಯಿನಿ ಎಂದ. ಸ್ಪಂದನಾ ಕುಣಿದಾಡಿದಳು. ಸಾವಿತ್ರಿ ಕಣ್ಣೊರೆಸಿಕೊಂಡು, “ಸಮಾಧಾನ ಆಯ್ತಾ ಅಮ್ಮ?” ಎಂದಳು.

“ಎಲ್ಲೀ ಸಮಾಧಾನ? ಅವನೇನು ಕಟ್ಟಿದ್ದು? ಇನ್ನೊಂದ್ಸಲ ಹಚ್ಚು ಫೋನು.”