ಕೊಕ್ಕರೆಯ ದಿಂಬು

ಕ್ರೇನ್ ನಡೆಸುವ ಕೊಕ್ಕರೆ ಪರದೇಶದ ಬಂದರಿನಲ್ಲಿ ಕಾರು ತುಂಬಿದ ಪೆಟ್ಟಿಗೆಯೊಂದನ್ನು ಸಮುದ್ರಕ್ಕೆ ಬೀಳಿಸಿ, ಅಲ್ಲಿಯವರಿಂದ ಕುತ್ತಿಗೆ ಹಿಡಿದು ದಬ್ಬಿಸಿಕೊಂಡು ಬರುತ್ತಿದ್ದಾನೆ ಎಂಬ ಸುದ್ದಿ ಅವನಿಗಿಂತ ಮೊದಲೇ ಬೀದಿಗೆ ಬಂದಿಳಿದಿತ್ತು. ಬೇಕರಿಯವನ ಬಾಯಲ್ಲಿ ಅದು ಒಂದೇ ಕಾರಾಗಿತ್ತು. ಇಸ್ತ್ರಿ ಅಂಗಡಿ ದಾಟುವ ಹೊತ್ತಿಗೆ ಆರಾಯಿತು. ಬೀದಿಯ ಕೊನೆ ಮುಟ್ಟಿದಾಗ ಹಡಗಿನ ಕ್ಯಾಪ್ಟನ್ ಕೂಡ ನೀರಿಗೆ ಬಿದ್ದಿದ್ದ. ಕಡ್ಡಿ ಗುಡ್ಡವಾಗಲು ಆ ಬೀದಿಯಲ್ಲಿ ಹೆಚ್ಚು ದೂರ ನಡೆಯಬೇಕಾಗಿರಲಿಲ್ಲ.

ನಡೆದದ್ದು ಬೇರೆ. ಪೆಟ್ಟಿಗೆ ಬಿದ್ದಿರಲಿಲ್ಲ. ಹಿಡಿಕೆಯಿಂದ ಕೈ ಜಾರಿದೊಡನೆ ಯಂತ್ರ ತಾನಾಗಿ ನಿಲ್ಲುವ ಏರ್ಪಾಡು ಇದ್ದುದರಿಂದ ಅದು ಹಡಗಿಗೂ ದಂಡೆಗೂ ನಡುವೆ ಸುಮ್ಮನೆ ತೂಗಾಡುತ್ತಿತ್ತು. ಬಿದ್ದದ್ದು ಮೇಲೆ ಗಾಜಿನ ಗೂಡಿನಲ್ಲಿ ಕುಳಿತಿದ್ದ ಕ್ರೇನ್ ಚಾಲಕನ ತಲೆ. ಅದೂ ಅವನದೇ ಎದೆಯ ಮೇಲೆ. ಕೆಳಗಿದ್ದವರು ಶಿಳ್ಳೆ ಹಾಕಿದರು, ಕೂಗಿದರು, ಕೊನೆಗೊಬ್ಬ ಏಣಿ ಹತ್ತಿಹೋಗಿ ಭುಜ ಹಿಡಿದು ಅಲುಗಾಡಿಸಿದ. ಕೊಕ್ಕರೆ ಕಣ್ಣು ಬಿಟ್ಟು, ಪೆಟ್ಟಿಗೆಯನ್ನು ಕೂದಲೆಳೆಯಷ್ಟೂ ಆಚೀಚೆಯಾಗದಂತೆ ಅದರ ಜಾಗಕ್ಕೆ ಇಳಿಸಿದ.

ಅಲ್ಲಿಯ ಮೇಸ್ತ್ರಿ ಕೆಟ್ಟವನಲ್ಲ. ಊರಿಗೆ ಹೋಗು, ಕಣ್ತುಂಬ ನಿದ್ದೆ ಮಾಡು, ತಿಂಗಳ ಕೊನೆಗೆ ನೆಟ್ಟಗಿದ್ದರೆ ಬಾ, ಇಲ್ಲದಿದ್ದರೆ ಆ ಕುರ್ಚಿಗೆ ಬೇರೊಬ್ಬನನ್ನು ಕೂರಿಸುತ್ತೇನೆ ಎಂದಷ್ಟೇ ಹೇಳಿದ. ತೂಕಡಿಸುವ ಗುಮಾಸ್ತನಿಗೆ ಕೆಲಸ ಉಳಿಯುತ್ತದೆ, ಕೆಲವೊಮ್ಮೆ ಬಡ್ತಿಯೂ ಸಿಗುತ್ತದೆ. ತೂಕಡಿಸುವ ಕ್ರೇನ್ ಚಾಲಕನಿಗೆ ಆ ಕುರ್ಚಿಯಷ್ಟೇ ಅಲ್ಲ, ಯಾವ ಬಂದರಿನ ಏಣಿಯೂ ಇಲ್ಲ. ಇದು ಕೊಕ್ಕರೆಗೆ ಯಾರೂ ಹೇಳಿಕೊಡದೆ ಗೊತ್ತಿತ್ತು.

ಉದ್ದ ಕತ್ತನ್ನು ಬಗ್ಗಿಸಿ ದಿನವಿಡೀ ಕೆಳಗೆ ನೋಡುತ್ತ ಕೂರುವ ಅವನಿಗೆ ಆ ಹೆಸರಿಟ್ಟವರು ಊರ ಬಂದರಿನ ಕೂಲಿಗಳು. ಹೆಂಡತಿಯ ಕಸುಬು ಹಾಸಿಗೆ ಹೊಲಿಯುವುದು. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಒಂದು ಮೂಲೆಯಲ್ಲಿ ಹತ್ತಿ ಹಿಂಜುವ ಯಂತ್ರ, ಇನ್ನೊಂದರಲ್ಲಿ ಸೂರು ಮುಟ್ಟುವ ಹೊಸ ಹತ್ತಿಯ ಮೂಟೆಗಳು, ಎಲ್ಲದರ ಮೇಲೂ ಬೂದಿಯಂತೆ ಕೂತ ನವಿರು ದೂಳು. ಅವಳು ತುಂಬಿದ ದಿಂಬಿನ ಮೇಲೆ ತಲೆಯಿಟ್ಟವರು ಪಕ್ಕದ ಬೀದಿಯಿಂದಲೂ ಹುಡುಕಿಕೊಂಡು ಬರುತ್ತಿದ್ದರು. ಆದರೆ ದೀಪದ ಬುಡದಲ್ಲೇ ಕತ್ತಲೆ. ಮದುವೆಗೆ ಮೊದಲಿನಿಂದ ಬಳಸುತ್ತಿದ್ದ ದಿಂಬನ್ನು ಕೊಕ್ಕರೆ ಬದಲಾಯಿಸಲು ಬಿಟ್ಟಿರಲಿಲ್ಲ. ಒಳಗಿನ ಹತ್ತಿ ಉಂಡೆಯುಂಡೆಯಾಗಿ ಕಲ್ಲಿನಂತಾಗಿತ್ತು. ಅದನ್ನು ಬಿಸಿಲಿಗೆ ಹಾಕಿದ ದಿನ ಗಿರಾಕಿಗಳು ಒಮ್ಮೆ ದಿಂಬನ್ನೂ ಒಮ್ಮೆ ಅವಳನ್ನೂ ನೋಡುತ್ತಿದ್ದರು. ಅವಳು ಅದನ್ನು ಒಳಗೆಳೆದುಕೊಳ್ಳುತ್ತಿದ್ದಳು.

ಪರದೇಶದ ಕೆಲಸ ಗೊತ್ತಾದಾಗ ಕೊಕ್ಕರೆ ಬಟ್ಟೆಯ ಪೆಟ್ಟಿಗೆಯಲ್ಲಿ ಮೊದಲು ಇಟ್ಟದ್ದು ದಿಂಬನ್ನೇ. ಅಂಗಿಗಳಿಗೆ ಆಮೇಲೆ ಜಾಗ ಹುಡುಕಿದ. ತನ್ನ ಗಂಡ ಈ ಜಲ್ಲಿ ಮೂಟೆಯನ್ನು ಹತ್ತು ಜನರ ಮುಂದೆ ಬಿಚ್ಚುತ್ತಾನೆ, ಹೆಂಡತಿ ಏನು ಮಾಡುತ್ತಾಳೆಂದು ಯಾರೋ ಕೇಳುತ್ತಾರೆ, ಅವನು ಹೇಳಿಯೂ ಹೇಳುತ್ತಾನೆ ಎಂಬ ಯೋಚನೆಯನ್ನು ಅವಳಿಗೆ ತಡೆದುಕೊಳ್ಳಲಾಗಲಿಲ್ಲ. ಅವನು ಕ್ಷೌರಕ್ಕೆ ಹೋದ ಹೊತ್ತಿನಲ್ಲಿ ಹೊಲಿಗೆ ಬಿಚ್ಚಿ, ಹಳೆಯ ಹತ್ತಿ ತೆಗೆದು, ಅಂಗಡಿಯಲ್ಲಿದ್ದ ಅತ್ಯುತ್ತಮ ಹತ್ತಿ ತುಂಬಿ, ಅದೇ ಮಾಸಲು ಚೀಲಕ್ಕೆ ಅದೇ ದಾರದಲ್ಲಿ ಹೊಲಿಗೆ ಹಾಕಿದಳು. ಅವನು ಬಂದು ಪೆಟ್ಟಿಗೆ ಮುಚ್ಚಿದ. ಅಷ್ಟೇ.

ಅಲ್ಲಿ ಒಂದು ಕೋಣೆಗೆ ಮೂವರು; ಅವನೊಡನೆ ಒಬ್ಬ ವೆಲ್ಡರ್, ಒಬ್ಬ ಅಡಿಗೆಯವನು. ಕೆಲಸ ಮುಗಿಸಿ ಬಂದವರು ಮಲಗುವ ಮುನ್ನ ಮನೆಯನ್ನು ನೆನೆಯುವುದು ವಾಡಿಕೆ. ವೆಲ್ಡರನಿಗೆ ಬೇಕಾಗಿದ್ದದ್ದು ಅವನ ಬಚ್ಚಲ ಬಾಗಿಲು. ಎತ್ತಿ ತಳ್ಳಿದರೆ ಮಾತ್ರ ಮುಚ್ಚುವ ಆ ಬಾಗಿಲನ್ನು ಊರಿನಲ್ಲಿದ್ದಷ್ಟು ಕಾಲ ಬೈದಿದ್ದನಂತೆ, ಇಲ್ಲಿ ಬೆರಳು ತಾಗಿಸಿದರೆ ಮುಚ್ಚುವ ಬಾಗಿಲಿನೆದುರು ಅವನ ತೋಳು ಸುಮ್ಮನೆ ಮೇಲೇಳುತ್ತಿತ್ತು. ಅಡಿಗೆಯವನಿಗೆ ತನ್ನ ಅಕ್ಕನ ಬೈಗುಳವಿಲ್ಲದೆ ಬೆಳಗಾದಂತೆಯೇ ಅನ್ನಿಸುತ್ತಿರಲಿಲ್ಲ. ಕೊಕ್ಕರೆ ಮಾತ್ರ ತನಗೇನೂ ಕೊರತೆಯಿಲ್ಲ, ಬೇಕಾದದ್ದನ್ನು ಹೊತ್ತು ತಂದಿದ್ದೇನೆ ಎಂದು ದಿಂಬು ತಟ್ಟಿ ತೋರಿಸುತ್ತಿದ್ದ. ವೆಲ್ಡರ್ ಅದನ್ನು ಒತ್ತಿ ನೋಡಿ, ಎಷ್ಟು ಮೆತ್ತಗಿದೆ ಎಂದು ಹೊಗಳಿದ. ಕೊಕ್ಕರೆಗೆ ಇದು ವಿಚಿತ್ರವೆನಿಸಬೇಕಿತ್ತು. ಆದರೆ ಪ್ರಯಾಣದಲ್ಲಿ ಅಮುಕಿಹೋಗಿ ಅದರ ಆಕಾರ ಕೆಟ್ಟಿರಬೇಕು, ತಲೆಯಿಟ್ಟಂತೆಲ್ಲ ಸರಿಹೋದೀತು ಎಂದುಕೊಂಡ.

ನಿದ್ದೆ ಬರಲಿಲ್ಲ. ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತಾರೆ; ಕೊಕ್ಕರೆಗೆ ಮೊದಲು ಚಿಂತೆಯಿರಲಿಲ್ಲ, ನಿದ್ದೆ ಬಾರದ್ದರಿಂದ ಅದೂ ಹುಟ್ಟಿಕೊಂಡಿತು. ಮಂಚದ ಮೇಲೆ ಅನುಮಾನಪಟ್ಟು ನೆಲದ ಮೇಲೆ ಮಲಗಿದ. ಫ್ಯಾನಿನ ಮೇಲೆ ಅನುಮಾನಪಟ್ಟು ಸೆಕೆಯಲ್ಲಿ ಬೆಂದ. ಡಾಕ್ಟರು ಎದೆ, ರಕ್ತ, ನಾಲಿಗೆ ಎಲ್ಲವನ್ನೂ ನೋಡಿ ಏನೂ ಇಲ್ಲವೆಂದರು. ಅನುಮಾನ ಪಡದೆ ಉಳಿದದ್ದು ದಿಂಬೊಂದೇ, ಏಕೆಂದರೆ ಅದು ಮನೆಯದು.

ಹೆಂಡತಿ ಫೋನಿನಲ್ಲಿ ತಪ್ಪದೆ ಕೇಳುತ್ತಿದ್ದಳು, ನಿದ್ದೆ ಚೆನ್ನಾಗಿ ಬರುತ್ತಾ ಎಂದು. ಅವಳು ಹೆದರಬಾರದೆಂದು ಅವನು ಬರುತ್ತೆ ಎನ್ನುತ್ತಿದ್ದ. ಅವಳು ಆ ಕಡೆ ನಗುತ್ತಿದ್ದಳು. ಹೊಸ ಹತ್ತಿ ಗೆದ್ದಿತೆಂಬ ಆ ನಗುವನ್ನು ಅವನು ಅಕ್ಕರೆಯೆಂದು ತಿಳಿದ.

ಹೀಗೆ ಒಂದು ಮಧ್ಯಾಹ್ನ ಪೆಟ್ಟಿಗೆ ಗಾಳಿಯಲ್ಲಿ ತೂಗಾಡಿತು, ಕೊಕ್ಕರೆ ಊರಿಗೆ ಬಂದ. ತನ್ನ ಮನೆ, ತನ್ನ ಮಂಚ, ಜೊತೆಗೆ ಹೋಗಿಬಂದ ಅದೇ ದಿಂಬು, ಮೂಲೆಯಲ್ಲಿ ತನ್ನದೇ ಗಡಿಯಾರದ ಟಿಕ್ ಟಿಕ್. ಅಲ್ಲಿಯೂ ನಿದ್ದೆ ಬರಲಿಲ್ಲ. ಆಗ ಅವನು ನಿಜವಾಗಿ ಹೆದರಿದ. ಪರದೇಶದಲ್ಲಿ ನಿದ್ದೆ ಬಾರದಿದ್ದರೆ ಪರದೇಶವನ್ನು ಬೈಯಬಹುದು. ಸ್ವಂತ ಮಂಚದಲ್ಲೂ ಬಾರದಿದ್ದರೆ ಕೆಟ್ಟಿರುವುದು ತಾನೇ. ತಿಂಗಳು ಮುಗಿಯುತ್ತ ಬಂದಿತ್ತು. ಮೇಸ್ತ್ರಿಗೆ ಬರುವುದಿಲ್ಲವೆಂದು ತಿಳಿಸಿಬಿಡುವುದೆಂದು ತೀರ್ಮಾನಿಸಿ, ಹೆಂಡತಿಗೆ ಹೇಳುವ ಮೊದಲು ಮುಖವನ್ನಾದರೂ ನೆಟ್ಟಗೆ ಮಾಡಿಕೊಳ್ಳೋಣವೆಂದು ಕ್ಷೌರದಂಗಡಿಗೆ ಹೋದ.

ಕ್ಷೌರದವನು ಕುರ್ಚಿ ಹಿಂದಕ್ಕೆ ವಾಲಿಸಿ, ಗಲ್ಲಕ್ಕೆ ನೊರೆ ಹಚ್ಚಿ, ಕತ್ತಿ ಮಸೆಯಲು ತಿರುಗಿದ. ಮತ್ತೆ ಈ ಕಡೆ ತಿರುಗುವಷ್ಟರಲ್ಲಿ ಕೊಕ್ಕರೆ ಗೊರಕೆ ಹೊಡೆಯುತ್ತಿದ್ದ. ಕ್ಷೌರದವನು ಒಂದು ಕೆನ್ನೆ ಮುಗಿಸಿದ. ಇನ್ನೊಂದನ್ನೂ ಮುಗಿಸಿದ. ಆಮೇಲೆ ಬಂದ ಗಿರಾಕಿಗಳನ್ನು ಬೆಂಚಿನ ಮೇಲೆ ಕೂರಿಸಿಯೇ ಕೂದಲು ಕತ್ತರಿಸಿದ. ಹೊರಗೆ ದೀಪ ಹಚ್ಚುವ ಹೊತ್ತಿಗೆ ಎಚ್ಚರಗೊಂಡ ಕೊಕ್ಕರೆ ಎಲ್ಲಿದ್ದೇನೆಂದು ಕೇಳಲಿಲ್ಲ. ಕುತ್ತಿಗೆಯ ಹಿಂದಕ್ಕೆ ಕೈ ಹಾಕಿ ಕುರ್ಚಿಯ ತಲೆದಿಂಬನ್ನು ಸವರಿ ನೋಡಿದ. ಎಡಗಡೆಯ ದೊಡ್ಡ ಉಂಡೆ, ಅದರ ಕೆಳಗೆ ಎರಡು ಚಿಕ್ಕವು.

"ಇದು ನಂದು," ಎಂದ.

"ನಿಮ್ಮ ಮನೆಯದೇ ಅಣ್ಣ," ಎಂದ ಕ್ಷೌರದವನು. "ಕತ್ತಿ ಆಡಿಸುವಾಗ ತಲೆ ಹೂತ್ಕೋಬಾರ್ದು, ಗಟ್ಟಿಯಾಗಿ ಏನಾದ್ರೂ ತುಂಬಿ ಅಂತ ಅತ್ತಿಗೇನ ಕೇಳಿದ್ದೆ. ಹಿಂಜದೆ ಹಾಗೇ ತುಂಬಿಕೊಟ್ರು."

ಹಳೆಯ ಹತ್ತಿಯನ್ನು ಅವಳು ಎಂದೂ ಎಸೆದವಳಲ್ಲ. ಮನೆಗೆ ಬಂದ ಕೊಕ್ಕರೆ ಅವಳೆದುರು ಮೂಟೆಯೊಂದರ ಮೇಲೆ ಕುಳಿತ.

"ನನ್ನ ದಿಂಬು ಬಿಚ್ಚಿದ್ಯಾ?"

ಅವಳು ಸೂಜಿಯಿಂದ ಕಣ್ಣೆತ್ತಲಿಲ್ಲ. "ಬಿಚ್ಚಿದೆ. ಬೀದಿಯವರಿಗೆಲ್ಲ ಹೂವಿನಂಥ ದಿಂಬು, ಕಟ್ಕೊಂಡೋನಿಗೆ ಕಲ್ಲಿನ ಚೀಲ. ನನ್ನ ಕಸುಬಿಗೊಂದು ಮರ್ಯಾದೆ ಬೇಡ್ವಾ? ನಿದ್ದೆ ಬರುತ್ತಾ ಅಂತ ದಿನಾ ಕೇಳಿದ್ನಲ್ಲ. ಬರುತ್ತೆ ಅಂದ್ರಿ."

"ಅಂದೆ."

"ಮತ್ತೆ?"

"ಬರ್ತಿರಲಿಲ್ಲ."

ಅವಳ ಸೂಜಿ ನಿಂತಿತು. ಪೆಟ್ಟಿಗೆ ತೂಗಾಡಿದ್ದು, ಮೇಸ್ತ್ರಿ ಕೊಟ್ಟ ಗಡುವು, ಎಲ್ಲವನ್ನೂ ಅವನು ಮೊದಲ ಸಲ ಹೇಳಿದ. ಅಷ್ಟು ದಿನ ಅವಳಿಗೂ ಬೇಕರಿಯವನ ಕಥೆಯೇ ಗೊತ್ತಿತ್ತು. ಗಂಡ ತಾನಾಗಿ ಹೇಳಲೆಂದು ಕಾದಿದ್ದಳು. ಕೇಳಿ ಮುಗಿಸಿ, ಕ್ಯಾಪ್ಟನ್ ಬದುಕಿದ್ದಾನೆ ತಾನೇ ಎಂದು ಖಚಿತಪಡಿಸಿಕೊಂಡು, ಎದ್ದು ಕ್ಷೌರದಂಗಡಿಗೆ ಹೋದಳು.

ಕ್ಷೌರದವನು ಸುಲಭಕ್ಕೆ ಬಿಡಲಿಲ್ಲ. ಆ ತಲೆದಿಂಬು ಬಂದಂದಿನಿಂದ ಒಬ್ಬ ಗಿರಾಕಿಯ ಕಿವಿಗೂ ಗಾಯವಾಗಿಲ್ಲವೆಂದ. ಅಷ್ಟೇ ಗಟ್ಟಿಯಾದ ಇನ್ನೊಂದನ್ನು ಹೊಲಿದುಕೊಡುವೆನೆಂದು ಅವಳು ಮಾತು ಕೊಟ್ಟ ಮೇಲೆಯೇ ಕಳಚಿಕೊಟ್ಟ. ಅವಳು ಅಂಗಡಿಯ ಬಾಗಿಲು ಅರ್ಧ ಎಳೆದು ಕುಳಿತು, ಒಂದೇ ಒಂದು ಉಂಡೆಯನ್ನೂ ಬಿಡಿಸದೆ ಆ ಹತ್ತಿಯನ್ನು ಮಾಸಲು ಚೀಲಕ್ಕೆ ಮರಳಿ ತುಂಬಿದಳು. ಗೊತ್ತಿದ್ದೂ ಕೆಟ್ಟ ದಿಂಬು ಹೊಲಿದದ್ದು ಅವಳ ಕಸುಬಿನಲ್ಲಿ ಅದೇ ಮೊದಲು. ಉಂಡೆಗಳು ಸ್ಥಳ ಬದಲಿಸಿದ್ದವು. ಕೊಕ್ಕರೆ ತಲೆಯಿಟ್ಟು ಆಚೆ ಈಚೆ ಹೊರಳಿಸಿ, ಒಂದೊಂದನ್ನೂ ಅದರದರ ಜಾಗಕ್ಕೆ ಇಳಿಸಿಕೊಂಡ. ಮರುದಿನ ಅವನನ್ನು ಎಬ್ಬಿಸಲು ಅವಳು ಹತ್ತಿ ಹಿಂಜುವ ಯಂತ್ರವನ್ನೇ ಓಡಿಸಬೇಕಾಯಿತು.

ಈಗ ಅವನು ಅದೇ ಪರದೇಶದಲ್ಲಿ, ಅದೇ ಗಾಜಿನ ಗೂಡಿನಲ್ಲಿ ಕೆಲಸ ಮಾಡುತ್ತಿದ್ದಾನೆ. ಹೆಂಡತಿಯ ಕಸುಬು ಏನೆಂದು ವೆಲ್ಡರ್ ಕೇಳಿದಾಗ, ಅವಳೊಡನೆ ಆಗಿರುವ ಒಪ್ಪಂದದಂತೆ, ಹೊಲಿಗೆ ಎಂದಷ್ಟೇ ಹೇಳಿದ್ದಾನೆ. ಕ್ಷೌರದವನ ತಲೆದಿಂಬು ಇನ್ನೂ ಆಗಿಲ್ಲ. ಅವಳು ಎರಡು ಸಲ ಹೊಲಿದುಕೊಟ್ಟಳು, ಎರಡೂ ಮೆತ್ತಗಾದವು.